ಗೌಸಸಾಬರು ಕೂಗದ ಹೆಸರು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಉಣಕಲ್ಲಿನಿಂದ ಸೈಕಲ್ ತುಳಿದುಕೊಂಡು ಬಂದ ಗೌಸಮೊದ್ದೀನ ಅವರು ಹುಬ್ಬಳ್ಳಿಯ ಕೋರ್ಟಿನ ಮುಂಬಾಗಿಲ ಕಡೆ ಹೋಗುವುದೇ ಇಲ್ಲ. ಕಟ್ಟಡ ಸುತ್ತಿ, ಹಳೇ ಕಡತಗಳ ಕೋಣೆಯ ಹಿಂಬಾಗಿಲಿಗೆ ಬರುತ್ತಾರೆ. ತುಕ್ಕು ಹಿಡಿದ ಚಿಲಕಕ್ಕೆ ಮನೆಯಿಂದ ತಂದ ಕೊಬ್ಬರಿ ಎಣ್ಣೆ ಬಿಟ್ಟು, ಸದ್ದಾಗದಂತೆ ಬಾಗಿಲು ತೆರೆಯುತ್ತಾರೆ. ತುಸು ಹೊತ್ತಿಗೆ ಮೊದಲ ಸಿಟಿ ಬಸ್ಸಿನಿಂದ ಇಳಿದು ಇಬ್ಬರು ಬರುತ್ತಾರೆ. ಒಬ್ಬಾಕೆ ಬಾಲಕಿಯರ ವಸತಿಗೃಹದ ಆಯಾ ಸಾವಕ್ಕ. ಆಕೆಯ ಸೆರಗು ಹಿಡಿದು ಹಿಂದೆ ಬಂದವಳು ಹದಿನಾಲ್ಕರ ಹುಡುಗಿ.

“ಬರ್ರಿ, ಲಗೂ ಒಳಗ ಬರ್ರಿ. ಥರ್ಮಾಸಿನ್ಯಾಗ ಚಾ ತಂದೇನಿ.”

ಹುಡುಗಿ ಕಡತಗಳ ಕಪಾಟಿನ ಹಿಂದೆ ಕೂಡುತ್ತಾಳೆ. ಚಹಾ ಕುಡಿಯುವ ಮೊದಲು ಒಂದೇ ಮಾತು ಕೇಳುತ್ತಾಳೆ. “ಕಾಕಾ, ಇವತ್ತ ನನ್ನ ಹೆಸರು ಕೂಗ್ತೀರೇನ್ರಿ?”

“ಇಲ್ಲವ್ವಾ. ನೀ ಒಳಗs ಇರ್ತೀಯಲ್ಲ, ಯಾಕ ಕೂಗಬೇಕು?”

ಇದು 2004ರ ಬೇಸಿಗೆ. ಕೋರ್ಟಿನಲ್ಲಿ ಎಲ್ಲರಿಗೂ ಗೌಸಸಾಬರೆಂದೇ ಪರಿಚಿತರಾದ ಇವರು ಇಲ್ಲಿನ ಪಟ್ಟೇವಾಲಾ. ಸಾಹೇಬರ ಕುರ್ಚಿ ಒರೆಸುವುದು, ಕಡತ ಹೊರುವುದು ಇದ್ದದ್ದೇ. ಆದರೆ ಅವರ ಖರೇ ಕೆಲಸ ಬಾಗಿಲಲ್ಲಿ ನಿಂತು ಹೆಸರು ಕೂಗುವುದು. ಒಂದೊಂದು ಹೆಸರನ್ನೂ ಮೂರು ಸಲ ಕೂಗಬೇಕು. ದಿನಕ್ಕೆ ನೂರಾರು ಸಲ ಗಂಟಲು ಹರಿಯುತ್ತದೆ. ಹರೆಯದಲ್ಲಿ ಬಸ್‌ಸ್ಟ್ಯಾಂಡಿನೆದುರು ಟೆಂಪೋಕ್ಕೆ ಆತು ನಿಂತು ‘ಧಾರವಾಡ, ಧಾರವಾಡ’ ಎಂದು ಒದರುತ್ತಿದ್ದರಂತೆ. ಆ ದನಿ ಕೇಳಿದ ವಕೀಲರೊಬ್ಬರು ಅರ್ಜಿ ಹಾಕಿಸಿದರು. ಅಂದಿನಿಂದ ನ್ಯಾಯಾಧೀಶರು ಬದಲಾಗಿದ್ದಾರೆ, ವಕೀಲರ ಕೂದಲು ಬೆಳ್ಳಗಾಗಿದೆ, ಗಂಟಲು ಮಾತ್ರ ಹಾಗೇ ಇದೆ. ಅಂಗಿ ಜೇಬಿನಲ್ಲಿ ಹೆಂಡತಿ ಕರೀಮಾಬಿ ಕಟ್ಟಿಕೊಟ್ಟ ಕಲ್ಲುಸಕ್ಕರೆ ಯಾವಾಗಲೂ ಇರುತ್ತದೆ.

ಈ ಹುಡುಗಿಯ ಖಟ್ಲೆ ಊರಿಗೇ ಗೊತ್ತು. ಕೆಲಸ ಕೊಡಿಸುವ ಆಸೆ ತೋರಿಸಿ ಇಬ್ಬರು ಹುಡುಗಿಯರನ್ನು ಲಾಡ್ಜಿಗೆ ಕರೆದೊಯ್ದು, ಆರು ಮಂದಿ ಗುಂಪು ಕಟ್ಟಿಕೊಂಡು ತಿಂಗಳುಗಟ್ಟಲೆ ಲೈಂಗಿಕವಾಗಿ ಶೋಷಿಸಿದರೆಂಬ ಆರೋಪ. ಆರು ಹೆಸರನ್ನು ಸಾಲಾಗಿ ಓದಿದರೆ ಅದರಲ್ಲಿ ಎರಡೂ ಧರ್ಮದವರಿದ್ದಾರೆ. ಆದರೆ ಸಾಲಾಗಿ ಓದುವ ವ್ಯವಧಾನ ಯಾರಿಗಿದೆ? ಒಂದು ಮೆರವಣಿಗೆ ಮೂರು ಹೆಸರು ಹಿಡಿದು ಗಲ್ಲು ಕೇಳುತ್ತದೆ. ಇನ್ನೊಂದು ಮೆರವಣಿಗೆ ಉಳಿದ ಮೂರನ್ನು ಹಿಡಿದು ಅದನ್ನೇ ಕೇಳುತ್ತದೆ. ಚಹಾದಂಗಡಿಯಲ್ಲಿ, ಪತ್ರಿಕೆಯ ವಾಚಕರ ಪತ್ರಗಳಲ್ಲಿ, ಯಾವ ಜನ ಇಂಥದ್ದು ಮಾಡುತ್ತಾರೆ ಎಂಬ ಚರ್ಚೆ ಬಿಸಿಬಿಸಿ ನಡೆದಿದೆ. ಹುಡುಗಿಯರು ರಾತ್ರಿ ನಿದ್ದೆ ಮಾಡುತ್ತಾರೋ ಇಲ್ಲವೋ ಎಂದು ಕೇಳಿದವರು ಕಡಿಮೆ.

ಈ ಚರ್ಚೆ ಗೌಸಸಾಬರ ಗಂಟಲನ್ನೂ ಬಿಟ್ಟಿಲ್ಲ. ‘ನಿಮ್ಮವರ ಹೆಸರು ಮೆಲ್ಲಗ ಕೂಗ್ತಿ’ ಎಂದು ಒಬ್ಬರ ತಕರಾರು. ‘ನಮ್ಮ ಹುಡುಗರ ಹೆಸರು ಅಷ್ಟು ಜೋರಾಗಿ ಒದರಬೇಕೇನು?’ ಎಂದು ಅವರದೇ ಓಣಿಯ ಹಿರಿಯರ ಮುನಿಸು. ಗೌಸಸಾಬರು ಇಬ್ಬರಿಗೂ ಕಲ್ಲುಸಕ್ಕರೆ ಕೊಡುತ್ತಾರೆ.

“ಜಾಮೀನಿನ ಮ್ಯಾಲ ಬಂದ ಆ ಆರೂ ಮಂದಿ ಪಡಸಾಲ್ಯಾಗ ಒಂದs ಬೀಡಿ ಹಂಚಿಕೊಂಡು ಸೇದತಾರ್ರಿ. ಅವರೊಳಗ ಜಾತಿ ಜಗಳ ನಾ ನೋಡಿಲ್ಲ. ಜಗಳೆಲ್ಲಾ ಹೊರಗ ನಿಂತವರದು” ಎನ್ನುತ್ತಾರೆ.

ಇಂಥ ಹುಡುಗಿಯರ ಹೆಸರು ಅಚ್ಚಾಗಬಾರದೆಂದು ಕಾನೂನಿದೆ. ಪಡಸಾಲೆಯಲ್ಲಿ ಕೂಗುವ ಪದ್ಧತಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಹೋದ ಮಳೆಗಾಲದಲ್ಲಿ ಮೊದಲ ಹುಡುಗಿಯ ಹೆಸರನ್ನು ಗೌಸಸಾಬರೇ ಮೂರು ಸಲ ಕೂಗಿದ್ದರು. ಸಂಜೆಯೊಳಗೆ ಆಕೆಯ ಓಣಿ ಪತ್ತೆಯಾಗಿತ್ತು. ಒಂದು ಗುಂಪು ಹಾರ ಹಿಡಿದು ಸನ್ಮಾನಕ್ಕೆ ಬಂತು, ಇನ್ನೊಂದು ಗುಂಪು ಬುದ್ಧಿ ಹೇಳಲು ಬಂತು. ಅಪ್ಪ ರಾತ್ರೋರಾತ್ರಿ ಮಗಳನ್ನು ಕರೆದುಕೊಂಡು ಊರು ಬಿಟ್ಟ. ಆಮೇಲೆ ಹೋದ ಸಮನ್ಸುಗಳೆಲ್ಲ ವಾಪಸು ಬಂದವು.

“ಕೂಗಿದ್ದು ನಾನs ರೀ. ನೌಕರಿ ಅದು. ಆದರ ಆ ಕೂಸು ಮತ್ತ ಬರಲಿಲ್ಲ.”

ಉಳಿದವಳು ಈಕೆ ಒಬ್ಬಳೇ. ಹೆಸರು ಹೊರಗೆ ಬಿದ್ದರೆ ಅಂದೇ ಕರೆದೊಯ್ಯುವೆನೆಂದು ಇವಳ ಅಪ್ಪನೂ ಹೇಳಿಬಿಟ್ಟಿದ್ದಾನೆ. ಇವಳೂ ಹೋದರೆ ಕಟಕಟೆಯ ಎದುರು ನಿಂತು ನಡೆದದ್ದು ಹೇಳುವವರೇ ಇಲ್ಲ. ಅದಕ್ಕೇ ಈ ಹಿಂಬಾಗಿಲು. ಒಳಗೆ ಇರುವವರನ್ನು ಕೂಗಬೇಕಿಲ್ಲವಲ್ಲ. ಸರಕಾರಿ ವಕೀಲರಿಗೂ, ದಿನಾ ಕೂಡುವ ನ್ಯಾಯಾಧೀಶ ಸಾಹೇಬರಿಗೂ ಇದು ಗೊತ್ತು. ಗೊತ್ತಿದ್ದೂ ಅವರು ಕೇಳಿಲ್ಲ.

ಎಡವಟ್ಟಾಗುವುದು ಹನ್ನೊಂದರ ಹೊತ್ತಿಗೆ. ದಿನಾ ಕೂಡುವ ಸಾಹೇಬರು ಇವತ್ತು ರಜೆ. ಅವರ ಬದಲು ಕೂತವರು ಶಿಸ್ತಿನ ಮನುಷ್ಯ. ಸಾಕ್ಷಿಯ ಸರದಿ ಬಂದಾಗ ಗೌಸಸಾಬರು ಕಡತದ ಕೋಣೆಯತ್ತ ತಿರುಗುತ್ತಾರೆ. “ಎಲ್ಲಿಗೆ? ಹೊರಗೆ ಹೋಗಿ ಮೂರು ಸಲ ಕೂಗು” ಎಂದು ಆಜ್ಞೆಯಾಗುತ್ತದೆ. ಸರಕಾರಿ ವಕೀಲರು ಏಳುವಷ್ಟರಲ್ಲಿ ಗೌಸಸಾಬರು ಬಾಗಿಲಲ್ಲಿ ನಿಂತಾಗಿದೆ.

ಪಡಸಾಲೆ ಗಪ್ಪಾಗುತ್ತದೆ. ಎರಡೂ ಕಡೆಯವರು ಕತ್ತು ಮುಂದೆ ಚಾಚುತ್ತಾರೆ. ಒಂದು ಹೆಸರು ಸಿಕ್ಕರೆ ಸಾಕು, ಹುಡುಗಿ ಯಾರವಳೆಂದು ತೀರ್ಮಾನವಾಗುತ್ತದೆ. ಗೌಸಸಾಬರು ಸುತ್ತ ನೋಡುತ್ತಾರೆ. ಆಗ ಅವರ ಕಣ್ಣಿಗೆ, ನೀರಿನ ಕೊಡದ ಹತ್ತಿರ ಬಾಟಲಿ ತುಂಬುತ್ತಿರುವ ಆಯಾ ಬೀಳುತ್ತಾಳೆ.

“ಸಾವಕ್ಕಾ! ಸಾವಕ್ಕಾ! ಸಾವಕ್ಕಾ!”

‘ನಮ್ಮಾಕಿನs!’ ಎಂದು ಒಂದು ಕಡೆ ಕೂಗು ಏಳುತ್ತದೆ, ಇನ್ನೊಂದು ಕಡೆಯವರ ಮುಖ ಸಪ್ಪಗಾಗುತ್ತದೆ. ಅಷ್ಟರಲ್ಲಿ ಜನರನ್ನು ಮೊಣಕೈಯಿಂದ ಸರಿಸುತ್ತಾ ಐವತ್ತು ದಾಟಿದ ಹೆಂಗಸು ಬರುತ್ತಾಳೆ. “ಯಾಕ್ರೀ ಗೌಸಸಾಬರ, ಹಂಗ ಒದರಾಕತ್ತೀರಿ? ನಾ ಇಲ್ಲೇ ಅದೇನಲ್ಲ!” ಘೋಷಣೆ ಅರ್ಧಕ್ಕೇ ನಿಲ್ಲುತ್ತದೆ.

ಸಾವಕ್ಕ ಒಳಗೆ ಹೋಗಿ, ಕಡತದ ಕೋಣೆಯಿಂದ ಹುಡುಗಿಯ ಕೈಹಿಡಿದು ಕರೆತರುತ್ತಾಳೆ. ಸಾಹೇಬರು ಕಾಗದ ನೋಡುತ್ತಾರೆ, ಹುಡುಗಿಯನ್ನು ನೋಡುತ್ತಾರೆ, ಕನ್ನಡಕದ ಮೇಲಿನಿಂದ ಪಟ್ಟೇವಾಲಾನನ್ನು ನೋಡುತ್ತಾರೆ.

“ಬಾಗಿಲು ಹಾಕು” ಎನ್ನುತ್ತಾರೆ.

ಮುಚ್ಚಿದ ಬಾಗಿಲಿಗೆ ಹೊರಗಿನಿಂದ ಬೆನ್ನು ಕೊಟ್ಟು ಗೌಸಸಾಬರು ಮಧ್ಯಾಹ್ನದವರೆಗೆ ನಿಲ್ಲುತ್ತಾರೆ. ಹುಡುಗಿ ಆರೂ ಮಂದಿಯನ್ನು ಬೆರಳು ಮಾಡಿ ತೋರಿಸಿದಳೆಂದು ಸರಕಾರಿ ವಕೀಲರು ಆಮೇಲೆ ಹೇಳುತ್ತಾರೆ. ತೀರ್ಪಿಗೆ ಇನ್ನೂ ಕಾಲವಿದೆ. ತಪ್ಪು ಹೆಸರು ಕೂಗಿದ್ದಕ್ಕೆ ನೋಟಿಸು ಬಂದರೂ ಬರಬಹುದು, ಅದೂ ನಿವೃತ್ತಿಯ ಅಂಚಿನಲ್ಲಿ. “ನನ್ನ ಹೆಸರು ಮದುವ್ಯಾಗೂ ಯಾರೂ ಅಷ್ಟು ಜೋರಾಗಿ ಕರದಿದ್ದಿಲ್ಲ” ಎಂದು ಸಾವಕ್ಕ ನಗುತ್ತಾಳೆ.

ಹಿಂಬಾಗಿಲಿಗೆ ಕೀಲಿ ಹಾಕುತ್ತಿರುವ ಗೌಸಸಾಬರನ್ನು, ನಿಮ್ಮದೊಂದು ಆಸೆ ಹೇಳಿ ಎಂದು ಕೇಳಿದರೆ ಕೀಲಿಯನ್ನು ಜೇಬಿಗೆ ಇಳಿಸುತ್ತಾರೆ.

“ಬರೂ ಜೂನಿಗೆ ಆಕಿನ್ನ ಸಾಲಿಗೆ ಹಚ್ಚತಾರಂತ್ರಿ. ಅಲ್ಲಿ ದಿನಾ ಹಾಜರಿ ಕರೀತಾರಲ್ಲ? ಆಕಿ ಹೆಸರು ಅಲ್ಲಿ ಕೂಗಬೇಕು. ಎಲ್ಲಾರೂ ಕೇಳೂ ಹಂಗ ಆಕಿ ‘ಎಸ್ ಟೀಚರ್’ ಅನಬೇಕು. ಅಷ್ಟs ರೀ.”