ಪಕ್ಕದ ಸೀಟಿನ ಮೇಷ್ಟ್ರು

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದ ಕೀರ್ತಿ ಬ್ರೇಕ್ ಮೇಷ್ಟ್ರದ್ದು. ಉಳಿದರ್ಧ ಜನ ಅವರ ಶಿಷ್ಯರನ್ನು ಕಂಡು ಓಡಲು ಕಲಿತರು. ಅವರ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇತ್ತು. ಕಲಿಯುವವರು ಗಾಬರಿಯಾಗಿ ಲೈಟು ಕಂಬದ ಕಡೆ ಹೊರಟಾಗ ಮೇಷ್ಟ್ರು ಅದನ್ನು ಒತ್ತುತ್ತಿದ್ದರು. ಹೊರಡದಿದ್ದಾಗಲೂ ಒತ್ತುತ್ತಿದ್ದರು. ಅಭ್ಯಾಸಬಲ ಎಷ್ಟಿತ್ತೆಂದರೆ, ಸಿನಿಮಾದಲ್ಲಿ ನಾಯಕನ ಕಾರು ತಿರುವಿಗೆ ಬಂದರೆ ಮುಂದಿನ ಸೀಟಿನವನ ಬೆನ್ನಿಗೆ ಇವರ ಕಾಲು ಬೀಳುತ್ತಿತ್ತು.

ಒಂದು ವಿಷಯ ಮಾತ್ರ ಊರಿಗೆ ಗೊತ್ತಿರಲಿಲ್ಲ. ಪಕ್ಕದ ಸೀಟಿನಲ್ಲೇ ತಲೆ ಹಣ್ಣಾಗಿದ್ದ ಮೇಷ್ಟ್ರು ಊರಾಚೆಗೆ ಒಮ್ಮೆಯೂ ತಾವೇ ಕಾರು ಓಡಿಸಿರಲಿಲ್ಲ. ಈಜು ಕಲಿಸುವವರು ದಡದಲ್ಲೇ ನಿಂತು ಮುದುಕರಾದಂತೆ. ಅವಕಾಶ ಬಂದಾಗಲೆಲ್ಲ ಬೆನ್ನು ನೋಯುತ್ತಿತ್ತು.

ಈ ಸುಖಸಂಸಾರಕ್ಕೆ ಕಲ್ಲು ಹಾಕಿದವಳು ಕಾಲೇಜು ಮುಗಿಸಿದ ಮಗಳು. ಊಟದ ಹೊತ್ತಿಗೆ, "ಅಪ್ಪಾ, ನಾನು ಡ್ರೈವಿಂಗ್ ಕಲೀತೀನಿ" ಎಂದಳು. ಮೇಷ್ಟ್ರ ಎದೆ ಉಬ್ಬಿತು. "ಎದುರು ಬೀದಿ ಸ್ಕೂಲಿಗೆ ಸೇರ್ಕೋತೀನಿ" ಎಂದಳು. ಉಬ್ಬಿದ್ದು ಇಳಿಯಿತು.

"ಮನೇಲಿ ಬಾವಿ ಇಟ್ಕೊಂಡು ಪಕ್ಕದ್ಮನೆ ನಲ್ಲಿಗೆ ಕೊಡ ಹಿಡೀತಾರೇನೇ?"

"ಈ ಬಾವಿಗೆ ಯಾವಾಗ್ಲೂ ಮುಚ್ಚಳ ಹಾಕಿರುತ್ತಪ್ಪ. ನೀನು ಬ್ರೇಕ್ ಮೇಲಿಂದ ಕಾಲೇ ತೆಗಿಯಲ್ಲ. ಮೇಲೆ ಬೈಗುಳ ಬೇರೆ."

ಸ್ವಂತ ಮಗಳೇ ಎದುರು ಬೀದಿಗೆ ಹೋದರೆ ಸ್ಕೂಲಿನ ಬೋರ್ಡು ಇಳಿಸಿ ಒಲೆಗೆ ಹಾಕುವುದೇ ವಾಸಿ. ರೋಷದಲ್ಲಿ ಮೇಷ್ಟ್ರ ನಾಲಿಗೆ ಜಾರಿತು. "ರಜಕ್ಕೆ ಎಲ್ಲಾರೂ ಟೂರ್ ಹೋಗೋಣ. ಜಲಪಾತ, ಗುಹೆ, ಬೆಟ್ಟದ ಕೋಟೆ. ಟೆಂಟಲ್ಲೇ ವಾಸ. ನಾನೇ ಓಡಿಸ್ತೀನಿ. ಡ್ರೈವಿಂಗ್ ಅಂದ್ರೇನು ಅಂತ ನೋಡು, ಆಮೇಲೆ ಎಲ್ಲಿ ಬೇಕಾದ್ರೂ ಸೇರ್ಕೋ."

"ನಿಮ್ಮ ಬೆನ್ನು?" ಎಂದರು ಹೆಂಡತಿ. ಸಂಸಾರದಲ್ಲಿ ಹೆಂಡತಿಗೆ ಗೊತ್ತಿಲ್ಲದ ಗುಟ್ಟು ಎಂಬುದು ಗಂಡಸರು ನಂಬುವ ಕಟ್ಟುಕಥೆ.

ಹೊರಟರು. ಸ್ಕೂಲಿನ ಕಾರಿನ ಹಿಂದಿನ ಸೀಟಿನಲ್ಲಿ ಹೆಂಡತಿ, ಅತ್ತೆ, ಅವರಿಬ್ಬರ ನಡುವೆ ಮನೆಯ ಮೂರನೇ ಹಿರಿಯರಂತೆ ಸುತ್ತಿಟ್ಟ ಟೆಂಟು. ಮುಂದೆ, ಮೇಷ್ಟ್ರ ಪಕ್ಕದಲ್ಲಿ, ಮಗಳು. ಅಲ್ಲಿ ಒಂದು ಬ್ರೇಕ್ ಇದೆಯೆಂಬುದು ಮೇಷ್ಟ್ರಿಗೆ ನೆನಪಾದದ್ದು ಮೊದಲ ತಿರುವಿನಲ್ಲಿ ಕಾರು ತಾನಾಗಿಯೇ ನಿಂತಾಗ.

"ಯಾಕೇ?"

"ಕನ್ನಡಿ ನೋಡ್ದೆ ತಿರುಗಿಸ್ತಿದ್ದೆ. ಕಣ್ಣು ಇರೋದು ಚೆಂದಕ್ಕಲ್ಲ." ಮೇಷ್ಟ್ರದ್ದೇ ಮಾತು, ಒಂದಕ್ಷರ ಆಚೀಚೆಯಾಗಿರಲಿಲ್ಲ.

ಹಾಗೆ ಅಪ್ಪನ ಕಾಲು ಓಡಿಸುತ್ತ, ಮಗಳ ಕಾಲು ನಿಲ್ಲಿಸುತ್ತ ಪ್ರವಾಸ ಸಾಗಿತು. ಸೈಕಲ್ಲಿನವರು ಹಿಂದೆ ಹಾಕಿ ಹೋದರು. ಜಲಪಾತದಲ್ಲಿ ಮೂವರು ನೀರು ನೋಡಿದರು. ಮೇಷ್ಟ್ರು, ವಾಪಸು ಹೊರಡುವಾಗ ಕಾರನ್ನು ರಿವರ್ಸ್ ತೆಗೆಯುವುದು ಹೇಗೆಂದು ಕಾರನ್ನೇ ನೋಡುತ್ತ ನಿಂತರು. ಗುಹೆಯ ಮುಂದೆ ಅತ್ತೆ ಬಂಡೆಯನ್ನು ಮುಟ್ಟಿ ನೋಡಿ, "ಇದನ್ನ ಉಳಿಯಲ್ಲೇ ಕೊರೆದ್ರಂತೆ. ನಾವಿಲ್ಲಿಗೆ ಬಂದಿದ್ದಕ್ಕಿಂತ ಬೇಗ್ನೇ ಮುಗ್ಸಿರ್ತಾರೆ, ಅಲ್ವಾ ಅಳಿಯಂದ್ರೇ?" ಎಂದರು.

ಮಾನ ಹೋಗಲು ಬೆಟ್ಟದ ರಸ್ತೆ ಬಾಕಿಯಿತ್ತು. ಕೋಟೆಗೆ ಹತ್ತುವ ಏರಿನಲ್ಲಿ ಮುಂದಿನ ಲಾರಿ ನಿಂತಿತು. ಮೇಷ್ಟ್ರೂ ನಿಂತರು. ಲಾರಿ ಹೊರಟಿತು. ಮೇಷ್ಟ್ರೂ ಹೊರಟರು, ಹಿಂದಕ್ಕೆ. ಏರಿನಲ್ಲಿ ಗಾಡಿ ಎತ್ತುವ ಮಂತ್ರವನ್ನು ಅವರು ಊರಿಗೆಲ್ಲ ಉಪದೇಶಿಸಿದ್ದರು. ಅದೀಗ ಬಾಯಿಗೆ ಬಂತು, ಕಾಲಿಗೆ ಬರಲಿಲ್ಲ. ಕಾರು ಕಣಿವೆಯ ಕಡೆ ಜಾರುತ್ತಿದ್ದಂತೆ ಮಗಳು ಬ್ರೇಕ್ ಒತ್ತಿ ಹಿಡಿದಳು.

ಪಕ್ಕದಲ್ಲಿ ಒಂದು ಜೀಪು ಬಂದು ನಿಂತಿತು. ತಲೆ ಹೊರಹಾಕಿದವನು ಹಳೆಯ ಶಿಷ್ಯ. ಕಾರಿನ ನೆತ್ತಿಯ ಮೇಲೆ 'ಕಲಿಯುತ್ತಿದ್ದಾರೆ, ಎಚ್ಚರಿಕೆ' ಎಂಬ ಬೋರ್ಡು ಎಂದಿನಂತೆ ಸತ್ಯವನ್ನೇ ನುಡಿಯುತ್ತಿತ್ತು.

"ಏನ್ ಮೇಷ್ಟ್ರೇ, ಈ ವಯಸ್ಸಲ್ಲಿ ಕಲಿಯೋಕೆ ಹೊರಟ್ರಾ? ಹೆದರ್ಬೇಡಿ, ಹುಡುಗಿ ಚೆನ್ನಾಗೇ ಕಲಿಸ್ತಿದ್ದಾಳೆ."

ಜೀಪು ಹೋಯಿತು. ಈಗ ಬೈಗುಳ ಬೀಳುತ್ತದೆಂದು ಮೇಷ್ಟ್ರು ಕತ್ತು ಕುಗ್ಗಿಸಿ ಕೂತರು. ಅವರ ಶಿಷ್ಯರೆಲ್ಲ ಕೂರುತ್ತಿದ್ದುದೇ ಹಾಗೆ.

"ಅವಸರ ಇಲ್ಲಪ್ಪ. ಅರ್ಧ ಕ್ಲಚ್ ಬಿಡು. ನಾನು ಹಿಡ್ಕೊಂಡಿದ್ದೀನಿ" ಎಂದಳು ಮಗಳು.

ಕಾರು ಕೆಮ್ಮಿ, ನಡುಗಿ, ಮುಂದಕ್ಕೆ ಹೊರಟಿತು.

ಮೇಲೆ ತಲುಪುವಷ್ಟರಲ್ಲಿ ಕೋಟೆಯ ಬಾಗಿಲು ಹಾಕಿತ್ತು. "ದಂಡು ಕಟ್ಕೊಂಡು ಬಂದೋರಿಗೇ ತೆಗೀಲಿಲ್ವಂತೆ, ಟೆಂಟು ತಂದೋರಿಗೆ ತೆಗೀತಾರಾ?" ಎಂದು ಅತ್ತೆ ಸಮಾಧಾನ ಹೇಳಿದರು. ಕೋಟೆಯ ಬುಡದ ಬಯಲಲ್ಲಿ ಟೆಂಟು ಹಾಕಿದರು. ಗೂಟ ಬಡಿಯುತ್ತ ಮೇಷ್ಟ್ರು ಮಗಳ ಮುಖ ನೋಡದೆ ಹೇಳಿದರು: "ಎದುರು ಬೀದಿಗೇ ಸೇರ್ಕೋ. ಇಲ್ಲಿ ನೋಡೋಕೆ ಏನಿತ್ತೋ ನೋಡಾಯ್ತಲ್ಲ."

"ನೋಡ್ದೆ. ಎದುರು ಬೀದಿಯೋರು ಯಾವತ್ತೂ ಏರಲ್ಲಿ ಹಿಂದಕ್ಕೆ ಹೋಗಿರಲ್ಲ. ಹೆದರಿಕೆ ಅಂದ್ರೇನು ಅಂತ ಅವ್ರಿಗೇನು ಗೊತ್ತು? ಬೆಳಿಗ್ಗೆ ಬಯಲಲ್ಲೇ ಶುರು ಮಾಡೋಣ."

ಬೆಳಿಗ್ಗೆ ಅವಳು ಸ್ಟೀರಿಂಗ್ ಹಿಡಿದಳು. ಮೇಷ್ಟ್ರು ತಮ್ಮ ಸಿಂಹಾಸನಕ್ಕೆ ಮರಳಿದರು.

"ಅಪ್ಪಾ, ಕಾಲು."

ತೆಗೆದರು. ಮಾತಾಡುತ್ತಿದ್ದಂತೆ ಕಾಲು ತನ್ನ ಪಾಡಿಗೆ ಬ್ರೇಕಿನ ಮೇಲೆ ವಾಪಸು ಹೋಗಿತ್ತು, ಸಾಕಿದ ಬೆಕ್ಕಿನಂತೆ.

"ಅಪ್ಪಾ."

ಕೊನೆಗೆ ಮೇಷ್ಟ್ರು ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆಳೆದುಕೊಂಡು, ಚಕ್ಕಳಮಕ್ಕಳ ಹಾಕಿ ಕೂತರು. ಕಾಲು ಮತ್ತೆ ಇಳಿಯದಂತೆ ಮಂಡಿಗಳನ್ನು ಕೈಯಲ್ಲಿ ಅದುಮಿ ಹಿಡಿದರು.

ಕಾರು ಕಪ್ಪೆಯಂತೆ ಕುಪ್ಪಳಿಸಿತು. ಆಫಾಯಿತು. ಮತ್ತೆ ಕುಪ್ಪಳಿಸಿತು. ಆಮೇಲೆ, ಯಾರೋ ಬುದ್ಧಿ ಹೇಳಿದಂತೆ, ನೆಟ್ಟಗೆ ಓಡಿತು. ಬಯಲು ಸುತ್ತಿ ಬಂದು ಟೆಂಟಿನ ಕಡೆ ತಿರುಗಿತು. ಮೇಷ್ಟ್ರ ಮಂಡಿ ಅದುರಿತು, ಕೈ ಬಿಡಲಿಲ್ಲ. ಮಗಳು ಟೆಂಟನ್ನು ತಪ್ಪಿಸಿದಳು, ಅದರ ಹಗ್ಗವನ್ನಲ್ಲ. ಟೆಂಟು ನಿಟ್ಟುಸಿರು ಬಿಟ್ಟು ಕೂತುಕೊಂಡಿತು.

ಆಚೆ ಕಲ್ಲಿನ ಮೇಲೆ ಮೇಷ್ಟ್ರ ಹೆಂಡತಿಯೊಡನೆ ಚಹಾ ಕುಡಿಯುತ್ತಿದ್ದ ಅತ್ತೆ ಎದ್ದುನಿಂತರು. "ಅಳಿಯಂದ್ರೇ, ಬ್ರೇಕ್ ಹಾಕೋದಲ್ವಾ?"

"ಅವಳ ಹತ್ರ ಒಂದಿದೆ ಅತ್ತೆ" ಎಂದು ಮೇಷ್ಟ್ರು ಕೂತಲ್ಲಿಂದಲೇ ಹೇಳಿದರು. ಹಗ್ಗ ಎಳೆದುಕೊಂಡೇ ಕಾರು ಇನ್ನೊಂದು ಸುತ್ತಿಗೆ ಹೊರಟಿತು.