ಅಟ್ಟಕ್ಕೆ ಬಂದ ಬಿಸಿಲು

ನನ್ನ ವಯಸ್ಸಿನ ಹೆಂಗಸರ ಮಂಚ ಮಹಡಿಯಿಂದ ಕೆಳಗಿಳಿಯುತ್ತದೆ. ನನ್ನದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಅಟ್ಟಕ್ಕೆ ಏರಿತು. ಮಂಡ್ಯದ ಡಾಕ್ಟರು ನನ್ನ ಮಂಡಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು "ಮೆಟ್ಟಿಲು ಅವಾಯ್ಡ್ ಮಾಡಿ ಮೇಡಂ" ಅಂದದ್ದು ಗುರುವಾರ. ಅಟ್ಟಕ್ಕೆ ಮೆಟ್ಟಿಲು ಕೂರಿಸಲು ಆಚಾರಿ ಬಂದದ್ದು ಶನಿವಾರ. ನಡುವೆ ಒಂದು ಶುಕ್ರವಾರವಿತ್ತು, ಯೋಚನೆ ಮಾಡಬಹುದಾಗಿತ್ತು. ಮಾಡಲಿಲ್ಲ.

ಇದಕ್ಕೆಲ್ಲ ಮೂಲ ಒಂದು ಚಿತ್ರ. ಮೈಸೂರಿನ ಕಾನ್ವೆಂಟಿನಲ್ಲಿ ಐದನೇ ಕ್ಲಾಸು ಓದುವಾಗ ನಮ್ಮ ಇಂಗ್ಲಿಷ್ ರೀಡರಿನಲ್ಲಿತ್ತು. ಇಳಿಜಾರು ಮಾಡು, ಮಾಡಿನಲ್ಲೇ ಒಂದು ಕಿಟಕಿ, ಕಿಟಕಿಯ ಕೆಳಗೆ ಮಂಚ, ಮಂಚದ ಮೇಲೆ ಪುಸ್ತಕ ಹಿಡಿದು ಒರಗಿದ ಒಬ್ಬ ಹುಡುಗಿ. ಅವಳ ಕಿಟಕಿ ಪಕ್ಕದ ಮನೆಯನ್ನು ನೋಡುತ್ತಿರಲಿಲ್ಲ, ಸೀದಾ ಆಕಾಶವನ್ನೇ ನೋಡುತ್ತಿತ್ತು. ಮೂವತ್ತು ಮಂಚಗಳ ಡಾರ್ಮಿಟರಿಯಲ್ಲಿ, ಆಚೆಯವಳ ಗೊರಕೆಗೂ ಈಚೆಯವಳ ಕೆಮ್ಮಿಗೂ ನಡುವೆ ಮಲಗುತ್ತಿದ್ದ ನನಗೆ ಆ ಹುಡುಗಿಯ ಮೇಲೆ ಹುಟ್ಟಿದ ಅಸೂಯೆ ಇನ್ನೂ ಆರಿಲ್ಲ. ಆಮೇಲೆ ಮದುವೆಯಾಗಿ ಮಂಡ್ಯದ ಹತ್ತಿರದ ಈ ಕೊತ್ತತ್ತಿಗೆ ಬಂದೆ. ಹನ್ನೊಂದು ಜನರ ಮನೆ. ಡಾರ್ಮಿಟರಿಯೇ ಎಷ್ಟೋ ವಾಸಿ, ಅಲ್ಲಿ ಲೈಟ್ಸ್ ಆಫ್ ಅಂದ ಮೇಲಾದರೂ ಮಾತು ನಿಲ್ಲುತ್ತಿತ್ತು.

ನಮ್ಮದು ಮಂಗಳೂರು ಹೆಂಚಿನ ಮನೆ. ಅಡುಗೆಮನೆಯ ಮೇಲೆ ಉದ್ದಕ್ಕೂ ಹಲಗೆ ಹಾಸಿದ ಅಟ್ಟ. ಆ ಅಟ್ಟ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಪುಟ್ಟತಾಯಿಯ ರಾಜ್ಯ. ವರ್ಷದ ಹುರುಳಿ, ಅವರೆಕಾಳು, ಹಗ್ಗಕ್ಕೆ ಕಟ್ಟಿ ತೂಗುಹಾಕಿದ ಕುಂಬಳಕಾಯಿ, ಬಿತ್ತನೆಗೆಂದು ಇಟ್ಟ ಹೀರೆಕಾಯಿ ಬೀಜ, ಎಲ್ಲ ಅಲ್ಲಿ. ಏಣಿ ಹತ್ತಿ ಕತ್ತಲಲ್ಲಿ ಕೈ ಹಾಕಿದರೆ ಯಾವ ಮಡಕೆಯಲ್ಲಿ ಏನಿದೆ ಎಂದು ಅವಳ ಬೆರಳಿಗೇ ಗೊತ್ತು. ನಾನು ಮೂವತ್ತೆರಡು ವರ್ಷ ಮಂಡ್ಯದಲ್ಲಿ ಇಂಗ್ಲಿಷ್ ಟೀಚರಾಗಿ ಬೆಳಗಿನ ಬಸ್ಸು ಹತ್ತಿ ಹೋದವಳು. ಹಿಂದೆ ಉಳಿದ ಮನೆಯನ್ನು ಅವಳು ಹೊತ್ತಳು. ಅಂಥವಳ ಹತ್ತಿರ ಹೋಗಿ "ಅಟ್ಟ ಬಿಟ್ಟುಕೊಡು" ಎಂದು ಕೇಳಲು ನನಗೆ ಎರಡು ವಾರ ಬೇಕಾಯಿತು. ಕೇಳಿದ್ದು ಅವಳು ಅವರೆಕಾಯಿ ಸುಲಿಯುತ್ತಿದ್ದಾಗ. ಅವಳ ಕೈ ಕೆಲಸದಲ್ಲಿದ್ದರೆ ಬಾಯಿ ಸ್ವಲ್ಪ ಮೆತ್ತಗಿರುತ್ತದೆ ಎಂಬುದು ನನ್ನ ಲೆಕ್ಕ.

"ಅಟ್ಟದ್ಮ್ಯಾಲೆ ಏನ್ ಮಾಡೀಯಕ್ಕ?"

"ಓದ್ತೀನಿ."

"ಇಲ್ಲೇ ಓದು. ಯಾರ್ ಬ್ಯಾಡ ಅಂದೋರು?"

"ಒಬ್ಬಳೇ ಓದಬೇಕು ಅಂತ ಆಸೆ ಕಣೆ."

ಅವಳು ಸಿಪ್ಪೆಯನ್ನು ಪಕ್ಕಕ್ಕೆ ಎಸೆದಳು. "ಗ್ಯಾಸು ಬಂದ್ಮ್ಯಾಲೆ ಅಟ್ಟಕ್ಕೆ ಒಲೆ ವಗೆ ಓಗದು ನಿಂತೋಯ್ತು. ಕಾಳೆಲ್ಲ ಉಳ ಬೀಳ್ತಾ ಕೂತವೆ. ತಕ್ಕೋ ಓಗು. ನಾನೇನು ಅಲ್ಲೇ ಸಮಾಧಿ ಕಟ್ಟುಸ್ಕತೀನಾ?"

ಪರ್ಮಿಷನ್ ಸಿಕ್ಕಿತು. ಆದರೆ ಮಾರನೆಯ ದಿನ ಅವಳು ಏಣಿ ಹತ್ತಿ ಒಂದೊಂದೇ ಮಡಕೆ ಇಳಿಸಿಕೊಂಡು ಬಂದು ಪಡಸಾಲೆಯ ಮೂಲೆಯಲ್ಲಿ ಜೋಡಿಸುವುದನ್ನು ನೋಡಿದಾಗ, ಯಾರನ್ನೋ ಒಕ್ಕಲೆಬ್ಬಿಸಿದ ಹಾಗೆ ನನಗೆ ಊಟ ಸೇರಲಿಲ್ಲ. ಹಾಗಂತ ಆಸೆಯನ್ನು ಬಿಟ್ಟೆನೆ? ಇಲ್ಲ. ನನ್ನ ಪಶ್ಚಾತ್ತಾಪಗಳೆಲ್ಲ ಯಾವಾಗಲೂ ಊಟದ ಮಟ್ಟದಲ್ಲೇ ನಿಂತುಬಿಡುತ್ತವೆ.

ಪುಟ್ಟತಾಯಿಯ ಮಗ ಮಹೇಶ ಫೋನಿನಲ್ಲಿ ಹುಡುಕಿ ಮಾಡಿನ ಕಿಟಕಿ ತರಿಸಿದ. ದಪ್ಪ ಗಾಜು, ಮರದ ಚೌಕಟ್ಟು, ನಡುವೆ ತಿರುಗುವ ಕೀಲು. ಅದನ್ನು ಕೂರಿಸಲೂ ಮದ್ದೂರಿನಿಂದ ಬಂದವನು ಮೆಟ್ಟಿಲಿನ ಆಚಾರಿಯೇ, ಸಿದ್ದಪ್ಪಾಚಾರಿ. ಪೆಟ್ಟಿಗೆಯೊಳಗೆ ಹದಿನೆಂಟು ಪುಟದ ಒಂದು ಇಂಗ್ಲಿಷ್ ಪುಸ್ತಿಕೆ ಇತ್ತು. ನನ್ನ ಕಾನ್ವೆಂಟ್ ವಿದ್ಯೆ ನಮ್ಮ ಮನೆಗೆ ಉಪಯೋಗಕ್ಕೆ ಬಂದ ದಿನ ಅದು. ನಾನು ಕನ್ನಡಕ ಏರಿಸಿ ಪುಟ ಪುಟ ಓದಿ ಅರ್ಥ ಹೇಳಿದೆ, ಆಚಾರಿ ಬೀಡಿ ಎಳೆಯುತ್ತಾ ಕೇಳಿಸಿಕೊಂಡ. ಗಾಜಿಗೂ ಹೆಂಚಿಗೂ ನಡುವೆ ನೀರು ಇಳಿಯದಂತೆ ತಗಡು ಹೇಗೆ ಮಡಿಸಬೇಕು ಎಂಬಲ್ಲಿ ಮಾತ್ರ, "ಅದ್ ಬುಡಿ, ನಮ್ಮಪ್ಪನ್ ಕಾಲ್ದಿಂದ ಮಡಸ್ತಾ ಇವ್ನಿ" ಅಂದ. ಕೊನೆಗೆ ಒಂದು ಪುಟದಲ್ಲಿ, ಸೂರ್ಯನ ಬೆಳಕು ಧಾರಾಳವಾಗಿ ಬರಲು ಕಿಟಕಿಯನ್ನು ದಕ್ಷಿಣದ ಇಳಿಜಾರಿನಲ್ಲಿ ಕೂರಿಸಬೇಕು ಎಂದು ದಪ್ಪಕ್ಷರದಲ್ಲಿತ್ತು.

ಆಚಾರಿ ಬೀಡಿ ಆರಿಸಿದ. "ಟೀಚರಮ್ಮ, ನಮ್ಕಡೆ ಸೂರ್ಯನ್ನ ಕರೀಬೇಕಾಗಿಲ್ಲ. ಅವ್ನೇ ಬತ್ತಾನೆ. ಬಡಗ್ಲು ಕಡೆ ಇಕ್ಕುವ, ತಂಪಾಗಿರ್ತದೆ."

"ಪುಸ್ತಕದಲ್ಲಿ ಹಾಗಿಲ್ಲ ಆಚಾರ್ರೆ."

"ಪುಸ್ತಕ ಬರ್ದೋನು ಕೊತ್ತತ್ತಿಗೆ ಬಂದಿದ್ನಾ?"

ಉತ್ತರವಿಲ್ಲದಾಗ ಟೀಚರುಗಳು ಮಾಡುವುದನ್ನೇ ಮಾಡಿದೆ, ದನಿ ಏರಿಸಿದೆ. ಕಿಟಕಿ ಉತ್ತರಕ್ಕಲ್ಲ, ಪುಸ್ತಿಕೆ ಹೇಳಿದ ತೆಂಕಣ ಇಳಿಜಾರಿನಲ್ಲೇ ಕೂತಿತು.

ಕಿಟಕಿ ಎಂದರೇನು ಎಂದು ಆ ವಾರ ನಾನು ಬಹಳ ಚಿಂತನೆ ನಡೆಸಿದೆ. ಇಂಗ್ಲಿಷಿನ ವಿಂಡೋ ಒಂದು ಹಳೆಯ ಭಾಷೆಯಲ್ಲಿ ಗಾಳಿಯ ಕಣ್ಣು ಎಂದಾಗಿತ್ತಂತೆ, ಸಂಸ್ಕೃತದವರು ಗವಾಕ್ಷ ಎಂದು ಅದರಲ್ಲಿ ಹಸುವಿನ ಕಣ್ಣು ಕಂಡರು. ನಮ್ಮವರು ಮಾತ್ರ ಬೆಳಕಿಂಡಿ ಎಂದು, ಒಳಗೆ ಬರುವುದು ಏನೆಂಬುದನ್ನು ನೇರವಾಗಿ ಹೇಳಿಬಿಟ್ಟರು. ಅದೂ ಅಂಗೈಯಗಲದ್ದು, ಒಂದು ಗಾಜಿನ ಹೆಂಚಿನಷ್ಟು. ಬಿಸಿಲನ್ನು ನೆಂಟನ ಹಾಗೆ ಅಳತೆಯಲ್ಲಿ ಒಳಗೆ ಬಿಟ್ಟುಕೊಳ್ಳುವ ಜನ ನಾವು. ಪುಸ್ತಿಕೆಯವರು ಬಿಸಿಲಿಗೆ ಬಾಗಿಲು ತೆರೆದು ಕಾದು ಕೂರುವವರು. ಈ ವ್ಯತ್ಯಾಸದ ಮೇಲೆ ಒಂದು ಪ್ರಬಂಧ ಬರೆಯೋಣ ಎಂದುಕೊಂಡು ಫೆಬ್ರವರಿಯ ಒಂದು ದಿನ ಹನ್ನೊಂದು ಗಂಟೆಗೆ ಅಟ್ಟ ಹತ್ತಿ ಮಂಚದ ಮೇಲೆ ಒರಗಿದೆ. ಹತ್ತು ನಿಮಿಷಕ್ಕೆ ಪೆನ್ನು ಬಿಸಿಯಾಯಿತು. ಹದಿನೈದಕ್ಕೆ ಕನ್ನಡಕ. ಇಪ್ಪತ್ತಕ್ಕೆ ನಾನು ಕೆಳಗಿಳಿದು ಬಂದು ಮಜ್ಜಿಗೆ ಕುಡಿದೆ.

"ಓದಾಯ್ತಾ?" ಅಂದಳು ಪುಟ್ಟತಾಯಿ.

"ಇವತ್ತಿಗೆ ಇಷ್ಟು ಸಾಕು."

ಅವಳಿಗೆ ಅನುಮಾನ ಬಂದಿರಬೇಕು. ಮಾರನೆಯ ದಿನ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಹಲಗೆಯ ಮೇಲೆ ಚಾಪೆಯಷ್ಟಗಲ ಬಿಸಿಲು ಬಿದ್ದಿತ್ತು. ಅವಳು ಕುಕ್ಕರಗಾಲಲ್ಲಿ ಕೂತು, ಕಾದ ಹೆಂಚಿನ ಹದ ನೋಡುವವರ ಹಾಗೆ ಅಂಗೈಯನ್ನು ಬಿಸಿಲಿಗೆ ಚಾಚಿದಳು. ಬಳಿಕ ಮೇಲೆ ನೋಡಿದಳು. "ಕಾಗೆ ಬರಕಿಲ್ಲ. ಕೋತಿ ಬರಕಿಲ್ಲ," ಅಂದಳು, ತನಗೇ. ಆಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಮೊದಲು ಬಂದದ್ದು ಒಂದು ಮೊರ ಮೆಣಸಿನಕಾಯಿ. "ಒಂದಿನ ಮಟ್ಗೆ ಕಣಕ್ಕ." ಆಮೇಲೆ ಹುಳ ಬಿದ್ದ ಅವರೆಕಾಳು. ಬಳಿಕ ಹುಣಿಸೇಹಣ್ಣು. ಬಿಸಿಲು ಬೆಳಿಗ್ಗೆ ಗೋಡೆಯ ಗೂಡಿನ ಕಡೆ, ಮಧ್ಯಾಹ್ನ ನಡುವೆ, ಮೂರಕ್ಕೆ ನನ್ನ ಪುಸ್ತಕದ ಬೀರುವಿನ ಬುಡಕ್ಕೆ ಸರಿಯುತ್ತದೆ. ಅದರ ಬೆನ್ನ ಹಿಂದೆ ಮೊರಗಳು ಸರಿಯುತ್ತವೆ. ಮೊರಗಳಿಗೆ ದಾರಿ ಬಿಡುತ್ತಾ ನಾನು ಸರಿಯುತ್ತೇನೆ. ಮೆಣಸಿನ ಘಾಟಿಗೆ ಒಂದು ಪುಟಕ್ಕೆ ನಾಲ್ಕು ಸೀನು. ಮಾರ್ಚ್ ಬಂದಾಗ ಅವಳು ಹಳೆಯ ಪಂಚೆ ಹಾಸಿ ವರ್ಷಕ್ಕಾಗುವ ಅಕ್ಕಿ ಸಂಡಿಗೆ ಇಡಲು ಶುರು ಮಾಡಿದಳು. ಮಂಚ ಗೋಡೆಗೆ ಒರಗಿ ನಿಂತಿತು. ಅರವತ್ತು ವರ್ಷ ಕಾದು ಪಡೆದ ರೂಮಿನಲ್ಲಿ ನಾನು ಬಾಡಿಗೆಗೆ ಬಂದವಳ ಹಾಗೆ ತುದಿಗಾಲಲ್ಲಿ ಓಡಾಡತೊಡಗಿದೆ.

ಜಗಳವಾಡಬೇಕೆಂದು ಎಷ್ಟೋ ಸಲ ಮಾತು ಹೊಂದಿಸಿಕೊಂಡೆ. ಪ್ರೈವೆಸಿ ಎನ್ನುವುದಕ್ಕೆ ಪುಟ್ಟತಾಯಿಗೆ ಅರ್ಥವಾಗುವ ಮಾತು ಹುಡುಕಿದೆ. ಆದರೆ ಅವಳ ಅಟ್ಟವನ್ನು ನಾನು ಕಸಿದಿದ್ದೆ, ಆಚಾರಿಯ ಮಾತು ಕೇಳದೆ ಬಿಸಿಲನ್ನು ಕರೆಸಿಕೊಂಡವಳೂ ನಾನೇ. ಇನ್ನೊಂದು ವಿಷಯ. ನಾನು ಬೆಳಗಿನ ಬಸ್ಸಿನಲ್ಲಿ ಕೂತು ಕಾದಂಬರಿ ಓದುತ್ತಾ ಹೋಗುತ್ತಿದ್ದ ವರ್ಷಗಳಲ್ಲಿ ನನ್ನ ಬುತ್ತಿಯ ಡಬ್ಬಿ ತುಂಬಿದ್ದು ಯಾರು? ಹೀಗೆ ಯೋಚಿಸಿದಾಗ ಹೊಂದಿಸಿಕೊಂಡ ಮಾತೆಲ್ಲ ಬಾಯಲ್ಲೇ ಒಣಗಿ ಹೋಗುತ್ತಿತ್ತು. ಆ ಅಟ್ಟದಲ್ಲಿ ಒಣಗದ್ದು ಯಾವುದಿದೆ?

ಏಪ್ರಿಲ್ ಕೊನೆಯಲ್ಲಿ ಪುಟ್ಟತಾಯಿ ಮದ್ದೂರಿಗೆ ಒಂದು ನಾಮಕರಣಕ್ಕೆ ಹೊರಟಳು. ಹೊಸ ಸೀರೆಯುಟ್ಟು, ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು: "ಅಕ್ಕ, ಕೊನೇ ಸಂಡಿಗೆ ಅದೆ, ಅರೆ ಒಣಗವೆ. ಮೋಡ ಆದ್ರೆ ಕಿಟಕಿ ತೆಗ್ದೇ ಬುಟ್ಟಿದ್ದೀಯೆ ಮತ್ತೆ. ಬಿಗ್ಯಾಗಿ ಮುಚ್ಚು."

ಮೂರು ಗಂಟೆಗೆ ಮೋಡ ಕಟ್ಟಿತು. ಮುಚ್ಚಿಯೇ ಇದ್ದ ಕಿಟಕಿಯ ಕೆಳಗೆ ನಿಂತೆ. ಮೊದಲ ಹನಿ ಗಾಜಿನ ಮೇಲೆ ಬಿದ್ದು, ಅಲ್ಲೇ ಅಂಟಿಕೊಂಡು, ಸ್ವಲ್ಪ ಯೋಚಿಸಿ, ಇಳಿಯಿತು. ಬಳಿಕ ಹತ್ತು, ನೂರು. ನೀರು ಹರಿಯುವುದನ್ನು ನೀರಿನ ಕೆಳಗಿನಿಂದ ನೋಡುವ ಆ ಸುಖವನ್ನು ನನ್ನ ಕಾನ್ವೆಂಟಿನ ಇಂಗ್ಲಿಷಿನಲ್ಲೂ ಹೇಳಲಾರೆ. ಮಳೆಯ ಸದ್ದು ಬಂತು, ವಾಸನೆ ಬರಲಿಲ್ಲ, ಗಾಜು ತಡೆದಿತ್ತು. ಒಂದೇ ಒಂದು ಕ್ಷಣ ಎಂದುಕೊಂಡು ಚಿಲಕ ತೆಗೆದು, ಕಿಟಕಿಯನ್ನು ಮೇಲೆತ್ತಿ, ಮುಖವನ್ನು ಹೊರಗೆ ಹಾಕಿದೆ. ಕೆಳಗೆ ಕಬ್ಬಿನ ಗದ್ದೆ, ನಾಲೆಯ ಏರಿ, ಕಣ್ಣಿಗೆ ನೀರು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕೊನೆಗೂ ತನ್ನ ಚಿತ್ರದೊಳಗೆ ಹೋಗಿದ್ದಳು. ಎಷ್ಟು ಹೊತ್ತು ನಿಂತಿದ್ದೆನೋ, ಕಾಲ ಬೆರಳಿಗೆ ಏನೋ ಲೋಳೆ ತಾಗಿದಾಗ ಕೆಳಗೆ ನೋಡಿದೆ. ಪಂಚೆಯ ತುಂಬ ಸಂಡಿಗೆ ಕರಗಿ ಅಂಬಲಿಯಾಗಿತ್ತು.

ಮಳೆ ಇನ್ನೂ ಹನಿಯುತ್ತಿದ್ದಾಗಲೇ ಪುಟ್ಟತಾಯಿ ಬಂದಳು. ಚಪ್ಪಲಿ ಬಿಟ್ಟು ನೇರ ಅಟ್ಟ ಹತ್ತಿದಳು. ತೆರೆದ ಕಿಟಕಿ ನೋಡಿದಳು, ನನ್ನ ಒದ್ದೆ ತಲೆ ನೋಡಿದಳು, ಪಂಚೆ ನೋಡಿದಳು. ನಾನು ಕ್ಲಾಸಿನ ಹೊರಗೆ ನಿಲ್ಲಿಸಲ್ಪಟ್ಟ ಹುಡುಗಿಯಂತೆ ಕೈಕಟ್ಟಿ ನಿಂತಿದ್ದೆ.

"ಮುಚ್ಚು ಅಂದ್ರೆ ತೆಗ್ದಿದ್ದೀಯಲ್ಲಕ್ಕ," ಅಂದಳು. "ಮಕ್ಳಿಗೆ ಇದ್ನೇ ಏನು ನೀನು ಕಲ್ಸಿದ್ದು?"

ಅವಳು ಗೋಡೆಗೊರಗಿದ್ದ ಮಂಚವನ್ನು ಎಳೆದು ಕಿಟಕಿಯ ಪಕ್ಕ ಹಾಕಿ ಉಸ್ಸೆಂದು ಕೂತಳು. ಹಾಗೇ ಒರಗಿದಳು. ಹೊಸ ಸೀರೆಯ ಮೇಲೆ ಹನಿ ಬೀಳುತ್ತಿತ್ತು. ನಾನು ಕಿಟಕಿಗೆ ಕೈ ಹಾಕಿದೆ.

"ಇರ್ಲಿ ಬುಡು," ಅಂದಳು. ಮೇಲೆ ನೋಡುತ್ತಾ, "ಈ ಮನೆಗೆ ಬಂದ್ಮ್ಯಾಲೆ ಅಗಲೊತ್ನಲ್ಲಿ ಮನೀಕಂಡು ಆಕಾಸ ನೋಡ್ದೋಳಲ್ಲ ಕಣಕ್ಕ. ಮನೀಕಂಡ್ರೆ ಅತ್ತೆ ಬುಡ್ತಿದ್ರಾ?"

ಬಿಡುತ್ತಿರಲಿಲ್ಲ. ಅತ್ತೆ ಹೋಗಿ ಇಪ್ಪತ್ತು ವರ್ಷವಾದರೂ, ಹಗಲು ಮಲಗಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಇಳಿಯುವಾಗ ಅವಳು ಮೆಟ್ಟಿಲ ತಲೆಯಲ್ಲಿ ನಿಂತು ತೀರ್ಪು ಕೊಟ್ಟಳು. "ಆಚಾರಿಗೆ ಯೋಳು, ಬಡಗ್ಲಲ್ಲೂ ಒಂದ್ ಇಕ್ಲಿ. ಇದು ಸಂಡಿಗೆಗೆ. ಅದು ನಿಂಗೆ."

ಸಿದ್ದಪ್ಪಾಚಾರಿ ಮತ್ತೆ ಬಂದ. ಈ ಸಲ ಪುಸ್ತಿಕೆಯನ್ನು ಯಾರೂ ಓದಲಿಲ್ಲ. ಬಡಗಣ ಕಿಟಕಿಯ ಕೆಳಗೆ ನೆರಳು ಹಿತವಾಗಿದೆ, ಅವನು ಹೇಳಿದಂತೆಯೇ. ಮಂಚ ಅಲ್ಲಿದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದರ ಮೇಲೆ ಪುಟ್ಟತಾಯಿ ಅಂಗಾತ ಮಲಗಿ ಆಕಾಶ ನೋಡುತ್ತಾಳೆ, ಒಮ್ಮೊಮ್ಮೆ ಕಣ್ಣು ಮುಚ್ಚಿಕೊಂಡು, ಗೊರಕೆ ಹೊಡೆಯುತ್ತಾ. ನಾನು ತೆಂಕಣ ಕಿಟಕಿಯ ಕೆಳಗೆ ಕುರ್ಚಿ ಹಾಕಿ, ತಲೆಗೆ ಒದ್ದೆ ಟವೆಲು ಸುತ್ತಿ, ಒಂದು ಕಣ್ಣು ಪುಸ್ತಕದಲ್ಲೂ ಒಂದು ಕಣ್ಣು ಮೋಡದಲ್ಲೂ ಇಟ್ಟು ಅವಳ ಹುರುಳಿಕಾಳು ಕಾಯುತ್ತೇನೆ. ಗೊರಕೆ ಜೋರಾದರೆ ಡಾರ್ಮಿಟರಿ ನೆನಪಾಗುತ್ತದೆ. ಆದರೆ ಎಬ್ಬಿಸುವುದಿಲ್ಲ. ಅವಳು ಎದ್ದರೆ ಮೊರ ಸರಿಸು ಎನ್ನುತ್ತಾಳೆ.