ವಿಮಾನ ಇಳಿಸುವಾಗ ನಾನು ಹೇಳದ ಮಾತು

ಮಾರಿಯಮ್ಮನನ್ನು ನಂಬಿದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ತೊಂಬತ್ತರ ದಶಕದ ಒಂದು ಆಷಾಢದಲ್ಲಿ ನಮ್ಮ ಕಂಪನಿಯವರು ನನ್ನನ್ನು ಹಾರಾಟದಿಂದ ತೆಗೆದು ಮನೆಯಲ್ಲಿ ಕೂರಿಸಿದರು. ವಾಯುಸೇನೆ ಸೇರಿ, ಆಮೇಲೆ ಪ್ರಯಾಣಿಕರ ವಿಮಾನಕ್ಕೆ ಬಂದು ಕ್ಯಾಪ್ಟನ್ ಆದವನು ನಾನು. ವಿಚಾರಣೆಯಲ್ಲಿ ತಪ್ಪು ನನ್ನದೆಂದಾದರೆ ಆ ಹೆಸರು ಅಲ್ಲಿಗೆ ಮುಗಿದಂತೆಯೇ ಸರಿ.

ಮದ್ರಾಸಿನಿಂದ ಬೆಂಗಳೂರಿಗೆ ಬೆಳಗಿನ ವಿಮಾನ ಅದು. ನಮ್ಮ ಕೆ.ಜಿ.ಎಫ್. ಸುತ್ತಮುತ್ತ ಬರುವಾಗ ಇಳಿಯುತ್ತಿರುತ್ತೇವೆ. ಅವತ್ತು ಹಾರಿಸುತ್ತಿದ್ದವನು ಸುಧೀರ್, ನಾನೇ ಕೈಹಿಡಿದು ಕಲಿಸಿದ ಕೋ-ಪೈಲಟ್. ನಾನು ಪಕ್ಕದಲ್ಲಿದ್ದೆ. ವಿಮಾನ ಹೊಸದು, ಅರ್ಧಕ್ಕರ್ಧ ಕೆಲಸ ಕಂಪ್ಯೂಟರ್‌ನದೇ. ಹೇಗೆ ಇಳಿಯಬೇಕೆಂದು ಗುಂಡಿ ಒತ್ತಿ ತಿಳಿಸಿದರೆ ತಾನೇ ಇಳಿಯುತ್ತದೆ. ಮೋಡದೊಳಗೆ ಇದ್ದಕ್ಕಿದ್ದಂತೆ ಅದು ಬೇಕಾದ್ದಕ್ಕಿಂತ ಜೋರಾಗಿ ಇಳಿಯತೊಡಗಿತು. ಇಂಜಿನ್ನುಗಳ ಸದ್ದೂ ಅಡಗಿತ್ತು.

"ಇದ್ಯಾಕೆ ಸಾರ್ ಹಿಂಗ್ ಮಾಡ್ತಿದೆ?" ಎಂದ ಸುಧೀರ್.

ಅಷ್ಟರಲ್ಲಿ ಮೋಡ ಸರಿದು, ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದ ನಮ್ಮೂರ ಸಯನೈಡ್ ದಿಬ್ಬ ಕಾಣಿಸಿತು. ಅದರ ಮೇಲೆ ಜಾರಿ ಆಡಿ ಬೆಳೆದವನು ನಾನು. ಕ್ಯಾಪ್ಟನ್ ಆದ ಮೇಲೂ ಎಷ್ಟೋ ಸಲ ಮೇಲಿನಿಂದ ಅದನ್ನು ಹುಡುಕಿ ನೋಡಿದ್ದೇನೆ. ಅವತ್ತು ಅದರ ಮೈಮೇಲಿನ ಮಳೆನೀರಿನ ಕೊರಕಲುಗಳೂ ಎಣಿಸುವಷ್ಟು ಹತ್ತಿರ ಕಂಡವು. "ಅಮ್ಮಾ, ಕಾಪಾಡು" ಎಂದವನೇ ಕಂಪ್ಯೂಟರ್ ಬಿಡಿಸಿ, ಕೈಯಾರೆ ವಿಮಾನವನ್ನು ಮೇಲಕ್ಕೆತ್ತಿದೆ. ಬೆಂಗಳೂರಿನಲ್ಲಿ ಎಲ್ಲರೂ ಕ್ಷೇಮವಾಗಿ ಇಳಿದರು. ಆ ಮೋಡ ಸರಿಸಿದವಳು ನಮ್ಮಮ್ಮನಲ್ಲದೆ ಇನ್ಯಾರು?

ಯಂತ್ರ ಕೈಕೊಟ್ಟಿತೆಂದು ನಾನು ಹೇಳಿಕೆ ಬರೆದುಕೊಟ್ಟೆ. ಸುಧೀರ್ ಬರೆದದ್ದೇ ಬೇರೆ: "ಇಳಿಯುವ ಕ್ರಮವನ್ನು ಕ್ಯಾಪ್ಟನ್ ಬದಲಿಸಿದರು. ನನಗೆ ತಿಳಿಸಲಿಲ್ಲ." ಅದನ್ನು ಓದಿದಾಗ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯ ಮಗನಂತೆ ಇದ್ದವನು, ನನ್ನ ಹೆಂಡತಿ ಇವನಿಗೆಂದೇ ಒಬ್ಬಟ್ಟು ಎತ್ತಿಡುತ್ತಿದ್ದಳು. ತನ್ನ ತಲೆ ಉಳಿಸಿಕೊಳ್ಳಲು ನನ್ನ ಬೆನ್ನಿಗೆ ಚೂರಿ ಹಾಕಿದನಲ್ಲ ಎಂದು ಊಟ ಸೇರಲಿಲ್ಲ. ಕಂಪನಿಯವರೂ ಅಷ್ಟೇ. ನೂರಾರು ಜೀವ ಉಳಿಸಿದವನೆಂದು ಒಬ್ಬರೂ ಅನ್ನಲಿಲ್ಲ.

ಆರನೇ ವಾರದ ಶುಕ್ರವಾರ ತಡೆಯಲಾಗದೆ ಬಂಗಾರಪೇಟೆಗೆ ಬಂದು ಮಾರಿಕುಪ್ಪಂ ರೈಲು ಹತ್ತಿದೆ. ಚಾಂಪಿಯನ್ ರೀಫ್ಸ್‌ನಲ್ಲಿ ಇಳಿದು ಮೊದಲು ಹೋದದ್ದು ನಮ್ಮ ಲೈನಿನ, ಅಂದರೆ ಗಣಿ ಕೆಲಸದವರ ಮನೆಸಾಲಿನ, ಮಾರಿಯಮ್ಮನ ಗುಡಿಗೆ. ಕೈ ಮುಗಿಯಲಿಲ್ಲ, ಜಗಳವಾಡಿದೆ. "ಅವತ್ತು ಉಳಿಸಿದ್ದು ಹೀಗೆ ಸಾಯಿಸುವುದಕ್ಕಾ? ನೀನೂ ಕೈಬಿಟ್ಟೆಯಲ್ಲ. ನೀನು ನಿಜವಾದರೆ ಸತ್ಯ ಹೊರಗೆ ಬರಲಿ, ಆ ದ್ರೋಹಿಯ ಬಣ್ಣ ಬಯಲಾಗಲಿ. ತಂಬಿಟ್ಟಿನಾರತಿ ಮಾಡಿಸುತ್ತೇನೆ" ಎಂದು ಹರಕೆ ಹೊತ್ತೆ.

ಮನೆಯಲ್ಲಿ ಅಪ್ಪ ಒಬ್ಬರೇ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಗಣಿಯಲ್ಲಿ ಆಳುಗಳನ್ನು ತುಂಬಿದ ಕೇಜನ್ನು ಹಗ್ಗದ ಮೇಲೆ ಇಳಿಸಿ ಏರಿಸುವ ವೈಂಡಿಂಗ್ ಡ್ರೈವರ್ ಆಗಿದ್ದವರು. ಕ್ಯಾಸಂಬಳ್ಳಿ ಕಡೆಯ ಮಾತು ಅವರ ನಾಲಿಗೆ ಬಿಟ್ಟು ಹೋಗಿಲ್ಲ. ಸುಧೀರನನ್ನು ಬಾಯಿಗೆ ಬಂದಂತೆ ಬೈಯುತ್ತ ಎಲ್ಲ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಿದರು.

"ಅದಿರ್ಲಿ, ಗುಂಡಿ ಒತ್ತಿದ್ದು ಯಾರ್ಲಾ?"

"ನಾನೇ. ಬೇಗ ಇಳೀಲಿ ಅಂತ."

"ಅವ್ನಿಗೆ ಯೋಳಿದ್ಯಾ?"

"ಇಳಿಸೋವಾಗ ಮಾತಾಡಬಾರದು ಅಂತ ನಿಮ್ಮನ್ನ ನೋಡೇ ಅಲ್ವೇನಪ್ಪ ಕಲಿತಿದ್ದು?"

ನಿಜವಾಗಿ ಅದೇ ನನ್ನ ಅಭ್ಯಾಸ. ಬಾಲ್ಯದಲ್ಲಿ ಅಪ್ಪನಿಗೆ ಬುತ್ತಿ ಒಯ್ದಾಗ, ಕೇಜು ನಿಲ್ಲುವವರೆಗೆ ವೈಂಡಿಂಗ್ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಏನು ಬದಲಿಸಿದರೂ ಪಕ್ಕದವನಿಗೆ ಕೇಳುವಂತೆ ಹೇಳಬೇಕೆಂಬುದು ನಮ್ಮ ಕೆಲಸದ ಕಟ್ಟಳೆ. ಸುಧೀರನಿಗೆ ಅದನ್ನು ಹೇಳಿಕೊಟ್ಟವನೂ ನಾನೇ. ಆದರೆ ಇಳಿಯುವ ಹೊತ್ತಿಗೆ ನನ್ನ ಬಾಯಿ ತಾನಾಗಿಯೇ ಕಟ್ಟಿಹೋಗುತ್ತಿತ್ತು. ಅದನ್ನು ಗಾಂಭೀರ್ಯ ಎಂದುಕೊಂಡಿದ್ದೆ.

ಅಪ್ಪ ನನ್ನ ಮುಖವನ್ನೇ ನೋಡಿದರು. "ಅಯ್ಯೋ ಮಂಕೆ, ನಾವು ಬಾಯಿ ಮುಚ್ಕೊಂಡಿದ್ದು ಕೆಳಗಿಂದ ಇಳ್ಸು, ನಿಲ್ಸು ಅಂತ ಒಡ್ಯೋ ಗಂಟೆ ಕೇಳುಸ್ಲಿ ಅಂತ ಕಣ್ಲಾ. ಗಂಟೆ ಬರ್ದೆ ನಾನು ಯಾವತ್ತಾರ ಲಿವರ್ ಮುಟ್ಟಿದ್ದೀನಾ? ಪಕ್ಕದಲ್ಲಿರೋನಿಗೆ ನೀನು ಯಾವ ಗಂಟೆ ಒಡ್ದೆ? ಅವ್ನು ಇದ್ದುದ್ದು ಇದ್ದಂಗೆ ಯೋಳವ್ನೆ. ಅವ್ನುನ್ನ ಬೈತೀಯಲ್ಲ, ನಾಚ್ಕೆ ಆಗಲ್ವಾ?"

ಒಂದು ಗಂಟೆಯ ಹಿಂದೆ ಸತ್ಯ ಹೊರಗೆ ಬರಲಿ ಎಂದು ಅಮ್ಮನ ಮುಂದೆ ಸವಾಲು ಹಾಕಿ ಬಂದಿದ್ದೆ. ಬಂದೇಬಿಟ್ಟಿತ್ತು. ಯಂತ್ರ ಕೈಕೊಟ್ಟಿರಲಿಲ್ಲ, ನಾನು ಹೇಳಿದಂತೆಯೇ ಕೇಳಿತ್ತು. ಅದು ಹಳೆಯ ಕ್ರಮದಲ್ಲೇ ಇಳಿಯುತ್ತಿದೆ ಎಂದು ನಂಬಿ ಕೂತಿದ್ದವನು ಸುಧೀರ್. ಅಲ್ಲೇ ಕಾಗದ ಕೇಳಿ ಇಸಿದುಕೊಂಡು, ಗುಂಡಿ ಒತ್ತಿದ್ದು ನಾನು, ಹೇಳದೆ ಹೋದದ್ದೂ ನಾನೇ ಎಂದು ಬರೆದೆ. ಸೋಮವಾರ ವಿಚಾರಣೆಯವರ ಕೈಗೆ ಕೊಟ್ಟೆ. ಕೆಲಸ ಹೋಯಿತೆಂದೇ ತಿಳಿದಿದ್ದೆ. ಅವರು ಒಂದು ವರ್ಷ ಕೋ-ಪೈಲಟ್ ಸೀಟಿನಲ್ಲಿ ಕೂರಿಸಿ, ಮತ್ತೆ ತರಬೇತಿ ಕೊಟ್ಟು, ಆಮೇಲೆ ಕ್ಯಾಪ್ಟನ್ ಸ್ಥಾನ ವಾಪಸ್ ಕೊಟ್ಟರು. ಇದು ಅಮ್ಮನ ಕೃಪೆಯಲ್ಲದೆ ನನ್ನ ಯೋಗ್ಯತೆಯಲ್ಲ. ಹರಕೆಯ ತಂಬಿಟ್ಟಿನಾರತಿ ಆ ವರ್ಷದ ಶ್ರಾವಣದಲ್ಲೇ ಆಯಿತು. ಅಪ್ಪನೇ ತಟ್ಟೆ ಹಿಡಿದು ನನ್ನ ಮುಂದೆ ನಡೆದರು.

ಪತ್ರ ಕೊಟ್ಟ ದಿನವೇ ಸುಧೀರನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. "ನೀವೇ ಹೇಳ್ತೀರಿ ಅಂತ ಮೂರು ದಿನ ನನ್ನ ಹೇಳಿಕೆ ಬರೀದೆ ಕಾದೆ ಸಾರ್. ನೀವು ಯಂತ್ರದ ಮೇಲೆ ಹಾಕಿದ್ರಿ. ಹಾರಿಸ್ತಿದ್ದೋನು ನಾನಲ್ವಾ? ಎಲ್ಲರೂ ನನ್ನ ಕಡೆ ನೋಡಿದ್ರು" ಎಂದ. ಆರು ವಾರ ದ್ರೋಹ, ದ್ರೋಹ ಎಂದು ನಾನು ಅತ್ತದ್ದೆಲ್ಲ ಅವನು ಅಳಬೇಕಾದ ಅಳು.

ಅಮ್ಮನ ಹತ್ತಿರ ಏನನ್ನೇ ಆಗಲಿ ಕೇಳುತ್ತೇನೆ. ನಂಬಿಕೆ ಅಷ್ಟು ಗಟ್ಟಿಯಾಗಿದೆ. ಸುಧೀರನ ಕ್ಷಮೆಯನ್ನು ಮಾತ್ರ ಅವಳಲ್ಲಿ ಬೇಡಿಲ್ಲ, ಅವನನ್ನೇ ಕೇಳಿದ್ದೇನೆ. "ನೋಡೋಣ ಸಾರ್" ಎಂದಿದ್ದಾನೆ.